ಥಲಸ್ಸೀಮಿಯಾ ಮಕ್ಕಳ ಪ್ಲೇಟ್‌ಲೆಟ್ ಪರೀಕ್ಷೆ: ರಕ್ತ ತೆಗೆಯುವ ಕೈಯೇ ಮುಖ್ಯ

ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಆನುವಂಶಿಕ ಕಾಯಿಲೆಯಾದ ಬೀಟಾ ಥಲಸ್ಸೀಮಿಯಾದ ಮಕ್ಕಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಹೆಚ್ಚು. ಕೆಂಪುಕಣದ ಪೊರೆಯ ಒಳಮೈಯಲ್ಲಿರಬೇಕಾದ ಫಾಸ್ಫಟೈಡಿಲ್‌ಸೆರೀನ್ ಎಂಬ ಕೊಬ್ಬು ಹೊರಮೈಗೆ ಬಂದು, ರಕ್ತ ಹೆಪ್ಪುಗಟ್ಟಿಸುವ ಥ್ರಾಂಬಿನ್ ತಯಾರಾಗಲು ಜಾಗ ಮಾಡಿಕೊಡುತ್ತದೆ. ಇಂಥ ಕಣಗಳನ್ನು ಸೋಸುವುದು ಹೊಟ್ಟೆಯ ಎಡಗಡೆ ಇರುವ ಗುಲ್ಮ (ಸ್ಪ್ಲೀನ್). ಅದನ್ನು ತೆಗೆದ ಮೇಲೆ ಅವು ರಕ್ತದಲ್ಲೇ ಉಳಿಯುತ್ತವೆ, ಪ್ಲೇಟ್‌ಲೆಟ್ ಎಣಿಕೆಯೂ ಏರುತ್ತದೆ.

ಹಾಗಾಗಿ, ಪ್ಲೇಟ್‌ಲೆಟ್‌ಗಳು ಎಷ್ಟು ಕೆರಳಿವೆ ಎಂದು ಅಳೆಯುವ, ಮುಂಬೈ ಪರೇಲಿನ ನಮ್ಮ ಲ್ಯಾಬಿನಲ್ಲಿ ಮೊದಲ ಪ್ರಶ್ನೆ ಗುಲ್ಮದ್ದೇ. ಕಲಬುರಗಿ ಕಡೆಯ ತಾಯಂದಿರನ್ನು "ಅಕ್ಕಾ, ಹೊಟ್ಟಿ ಆಪರೇಷನ್ ಆಗ್ಯಾದೇನ್ರಿ? ಎಡಗಡಿ?" ಎಂದು ಕೇಳಿದರೆ ತಟ್ಟನೆ ಉತ್ತರ ಸಿಗುತ್ತದೆ. ಹಿಂದಿನ 10 ದಿನಗಳಲ್ಲಿ ಆಸ್ಪಿರಿನ್ ಕೊಟ್ಟಿದ್ದರೆ ಬರೆದುಕೊಳ್ಳುತ್ತೇವೆ, ಪರೀಕ್ಷೆಗೆಂದು ನಿಲ್ಲಿಸಲು ಹೇಳುವುದಿಲ್ಲ. ಸ್ಯಾಂಪಲ್ ತೆಗೆಯುವುದು ರಕ್ತ ಏರಿಸುವ ಮುಂಚೆ.

ಸೂಜಿ 21 ಗೇಜ್. ನಾಳ ಸಣ್ಣದಿದ್ದರೆ 23ರ ಬಟರ್‌ಫ್ಲೈ. ಸಿರಿಂಜನ್ನು ಜೋರಾಗಿ ಎಳೆದರೆ ಪ್ಲೇಟ್‌ಲೆಟ್ ಅಲ್ಲೇ ಕೆರಳುತ್ತದೆ. ಕಟ್ಟಿದ ಪಟ್ಟಿಯನ್ನು ರಕ್ತ ಬಂದ ಕೂಡಲೇ ಬಿಚ್ಚಬೇಕು. ಚುಚ್ಚಿದ ಜಾಗದ, ಹೆಪ್ಪುಗಟ್ಟಿಸುವ ಟಿಶ್ಯೂ ಫ್ಯಾಕ್ಟರ್ ಬೆರೆತಿರುವುದರಿಂದ ಮೊದಲ 2 ಮಿ.ಲೀ. ಈ ಪರೀಕ್ಷೆಗೆ ಬೇಡ. ಆದರೆ ರಕ್ತವೇ ಕಡಿಮೆ ಇರುವ ಮಗುವಿನದನ್ನು ಚೆಲ್ಲಲು ಮನಸ್ಸು ಬಾರದು. ಏನೂ ಬೆರೆಸದ ಸಾದಾ ಟ್ಯೂಬಿಗೆ ಹಾಕಿ ಫೆರಿಟಿನ್ (ಮೈಯಲ್ಲಿನ ಕಬ್ಬಿಣದ ಸಂಗ್ರಹ) ಪರೀಕ್ಷೆಗೆ ಬಳಸುತ್ತೇವೆ. ಆಮೇಲೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ 3.2% ಸಿಟ್ರೇಟ್ ಟ್ಯೂಬಿಗೆ ಗೆರೆಯವರೆಗೆ 2.7 ಮಿ.ಲೀ. ಐಸ್ ಬೇಡ, ತಂಪೂ ಪ್ಲೇಟ್‌ಲೆಟ್ ಅನ್ನು ಕೆರಳಿಸುತ್ತದೆ. ಮುಂಬೈ ಹೊರವಲಯದ ಕಲ್ಯಾಣದಲ್ಲಿ ತೆಗೆದದ್ದು ಲೋಕಲ್ ರೈಲಿನಲ್ಲಿ ಕುಲುಕಿಕೊಂಡು ಬರುವಷ್ಟರಲ್ಲಿ ಗಂಟೆ ದಾಟುತ್ತದೆ. ಅದನ್ನು ನಾವು ತೆಗೆದುಕೊಳ್ಳುವುದೇ ಇಲ್ಲ. ಒಂದೋ ಮಗು ಇಲ್ಲಿಗೆ ಬರಬೇಕು, ಇಲ್ಲವೇ ಅಲ್ಲೇ ಬಣ್ಣ ಹಾಕಿ ಫಿಕ್ಸ್ ಮಾಡಿ (ಕಣಗಳು ಇದ್ದ ಸ್ಥಿತಿಯಲ್ಲೇ ನಿಲ್ಲುವಂತೆ ಮಾಡಿ) ಕಳಿಸಬೇಕು.

ರಕ್ತ ತೆಗೆದು 10 ನಿಮಿಷದೊಳಗೆ 5 ಮೈಕ್ರೋಲೀಟರನ್ನು ಸಿಡಿ61 (ಎಲ್ಲ ಪ್ಲೇಟ್‌ಲೆಟ್‌ಗಳ ಗುರುತು), ಸಿಡಿ62ಪಿ (ಕೆರಳಿದವುಗಳ ಗುರುತು) ಇವುಗಳಿಗೆ ಅಂಟುವ ಆ್ಯಂಟಿಬಾಡಿಗಳಿರುವ 50 ಮೈಕ್ರೋಲೀಟರ್ ಬಫರಿಗೆ ಹಾಕುತ್ತೇವೆ. ಮೂರು ಟ್ಯೂಬು: ಏನೂ ಸೇರಿಸದ್ದು, ಪ್ಲೇಟ್‌ಲೆಟ್ ಕೆರಳಿಸುವ ಎಡಿಪಿ ಸೇರಿಸಿದ್ದು, ಆ ಗುರುತಿಗೆ ಅಂಟದ ಆ್ಯಂಟಿಬಾಡಿ ಇರುವ ಐಸೋಟೈಪ್ ಕಂಟ್ರೋಲ್. ವೋರ್ಟೆಕ್ಸ್ (ಜೋರಾಗಿ ಕುಲುಕುವ ಯಂತ್ರ) ಮುಟ್ಟಬಾರದು, ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಸಾಕು. ಕತ್ತಲಲ್ಲಿ 20 ನಿಮಿಷ ಇಟ್ಟು ಫಿಕ್ಸ್ ಮಾಡಲು 1% ಪ್ಯಾರಾಫಾರ್ಮಾಲ್ಡಿಹೈಡ್ ಹಾಕುತ್ತೇವೆ. ಕೆಂಪುಕಣದ ಫಾಸ್ಫಟೈಡಿಲ್‌ಸೆರೀನ್ ನೋಡುವ ಅನೆಕ್ಸಿನ್ ವಿ ಟ್ಯೂಬು ಬೇರೆ, ಅದಕ್ಕೆ ಕ್ಯಾಲ್ಸಿಯಂ ಇರುವ ಬಫರೇ ಬೇಕು. ಮರೆತು ಮಾಮೂಲಿ ಬಫರ್ ಹಾಕಿದರೆ ಎಲ್ಲ ಮಕ್ಕಳದೂ ಸೊನ್ನೆಯ ಹತ್ತಿರ ಬರುತ್ತದೆ.

ಥಲಸ್ಸೀಮಿಯಾ ಸ್ಯಾಂಪಲಿನ ನಿಜವಾದ ತೊಡಕು ಕೆಂಪುಕಣದ ಚೂರುಗಳದ್ದು. ಗಾತ್ರದಲ್ಲಿ ಪ್ಲೇಟ್‌ಲೆಟ್‌ನಷ್ಟೇ ಇರುವುದರಿಂದ ಸೆಲ್ ಕೌಂಟರ್ ಅವನ್ನೂ ಎಣಿಸಿಬಿಡುತ್ತದೆ. ಕಣಗಳನ್ನು ಒಂದೊಂದಾಗಿ ಲೇಸರ್ ಬೆಳಕಿನಲ್ಲಿ ನೋಡುವ ಫ್ಲೋ ಸೈಟೋಮೀಟರಿನಲ್ಲೂ ಗಾತ್ರ ನೋಡಿ ಗೇಟ್ ಹಾಕಿದರೆ (ಎಣಿಸಬೇಕಾದ ಕಣಗಳನ್ನು ಆರಿಸಿದರೆ) ಚೂರುಗಳು ಒಳಗೆ ನುಗ್ಗಿ, ಕೆರಳಿದ ಪ್ಲೇಟ್‌ಲೆಟ್‌ನ ಶೇಕಡಾವಾರು ಸುಳ್ಳಾಗಿ ಇಳಿಯುತ್ತದೆ. ಗೇಟ್ ಸಿಡಿ61 ಮೇಲೆಯೇ ಇರಬೇಕು, ಸ್ಲೈಡನ್ನೂ ಕಣ್ಣಿನಿಂದ ನೋಡಬೇಕು.

ಏನೂ ಸೇರಿಸದ ಟ್ಯೂಬಿನಲ್ಲೇ ಸಿಡಿ62ಪಿ ಹೆಚ್ಚಿದ್ದರೆ ಕಾಯಿಲೆಯನ್ನು ದೂರುವ ಮೊದಲು ಅದೇ ದಿನ, ಅದೇ ಕೈ ತೆಗೆದ ಆರೋಗ್ಯವಂತರ ಸ್ಯಾಂಪಲ್ ನೋಡುತ್ತೇವೆ. ಅಲ್ಲೂ ಹೆಚ್ಚಿದ್ದರೆ ತಪ್ಪು ನಮ್ಮದೇ. ಆ ದಿನದ ರಿಪೋರ್ಟ್ ಕೊಡುವುದಿಲ್ಲ. ಕೊಡುವ ರಿಪೋರ್ಟಿನಲ್ಲಿ ಗುಲ್ಮದ ಸ್ಥಿತಿ, ಪ್ಲೇಟ್‌ಲೆಟ್ ಎಣಿಕೆ, ಕಂಟ್ರೋಲ್ ಮೂರೂ ಪಕ್ಕದಲ್ಲೇ ಇರುತ್ತವೆ. ಬರೀ ಒಂದು ಸಂಖ್ಯೆ ನೋಡಿ ಔಷಧ ಶುರುವಾಗಬಾರದು. ಇನ್ನು ಒಂದೇ ಕಾಲು ಊದಿದ, ಕೈ ಸೋತ ಅಥವಾ ಮಾತು ತೊದಲಿದ ಮಗುವನ್ನು ಈ ಪರೀಕ್ಷೆಗೆ ಕೂರಿಸುವುದೇ ಇಲ್ಲ. ನೇರ ತುರ್ತು ವಿಭಾಗಕ್ಕೆ ಕಳಿಸುತ್ತೇವೆ.