ಹಳೆಯ ಬ್ರಿಟಿಷ್ ಕಾರಿನ ವೈರಿಂಗ್: ದೋಷ ಹಿಡಿಯುವುದು ಹೇಗೆ?

ಎಂಜಿಬಿ, ಮಿನಿ, ಮೋರಿಸ್ ಮೈನರ್‌ನಂಥ ಕಾರುಗಳಲ್ಲಿ ದೀಪ ಮಂಕಾದರೆ ಮೊದಲು ಬಲ್ಬ್, ಆಮೇಲೆ ಸ್ವಿಚ್, ಕೊನೆಗೆ ಇಡೀ ವೈರಿಂಗ್ ಬದಲಿಸಲು ಹೊರಡುವವರೇ ಹೆಚ್ಚು. ಅಷ್ಟೆಲ್ಲ ಖರ್ಚು ಬೇಕಿಲ್ಲ. ವೈರು ನಡುವೆ ಕೆಡುವುದು ಅಪರೂಪ. ಕೆಡುವುದು ಅದರ ಕೀಲುಗಳು (ವೈರುಗಳು ಕೂಡುವ ಜಾಗಗಳು) ಮತ್ತು ಕಾರಿನ ಲೋಹದ ಬಾಡಿಗೆ ಅರ್ಥಿಂಗ್ ಕೊಟ್ಟ ಜಾಗ.

ಮೊದಲು ಅರ್ಥಿಂಗ್ ಯಾವುದೆಂದು ನೋಡಿ

1960ರ ದಶಕದ ಮಧ್ಯದವರೆಗಿನ ಬಹುತೇಕ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯೇ ಬಾಡಿಗೆ ಸೇರಿರುತ್ತದೆ. ಎಂಜಿಬಿ ನೆಗೆಟಿವ್ ಅರ್ಥಿಂಗ್‌ಗೆ ಬದಲಾದದ್ದು 1967ರ ಕೊನೆಯಲ್ಲಿ. ಹಿಂದಿನ ಮಾಲೀಕರು ನಡುವೆ ತಿರುಗಿಸಿರಲೂಬಹುದು, ಹಾಗಾಗಿ ಪುಸ್ತಕವನ್ನು ನಂಬದೆ ದಪ್ಪ ಕೇಬಲ್ ಬಾಡಿಗೆ ಎಲ್ಲಿ ಸೇರಿದೆ ಎಂದು ಕಣ್ಣಾರೆ ನೋಡಿ. ಏನೇ ಬಿಚ್ಚುವ ಮುಂಚೆ ಆ ಅರ್ಥಿಂಗ್ ಕೇಬಲ್ಲನ್ನೇ ಮೊದಲು ತೆಗೆಯಿರಿ, ಕೊನೆಗೆ ಹಾಕಿ.

ಬಣ್ಣ ಓದಿ

ಕಂದು ವೈರು ಬ್ಯಾಟರಿಯಿಂದ ನೇರ ಬರುತ್ತದೆ, ಸಾಮಾನ್ಯವಾಗಿ ಅದಕ್ಕೆ ಫ್ಯೂಸ್ ಇಲ್ಲ. ಬಿಳಿಯದು ಕೀಲಿ ತಿರುಗಿಸಿದಾಗ ಬರುವ, ಫ್ಯೂಸ್ ಇಲ್ಲದ ಸಪ್ಲೈ. ಅದೇ ಫ್ಯೂಸ್ ದಾಟಿದ ಮೇಲೆ ಹಸಿರು: ವೈಪರ್, ಬ್ರೇಕ್ ಲೈಟ್, ಇಂಡಿಕೇಟರ್, ಮೀಟರ್‌ಗಳು. ನೇರಳೆ ಬಣ್ಣಕ್ಕೆ ಫ್ಯೂಸ್ ಇದೆ, ಕೀಲಿಯ ಹಂಗಿಲ್ಲ. ಹೆಡ್‌ಲೈಟ್‌ಗೆ ನೀಲಿ, ಹಿಂದಿನ ದೀಪಕ್ಕೆ ಕೆಂಪು, ಅರ್ಥಿಂಗ್‌ಗೆ ಕಪ್ಪು. ವೈರಿನ ಮೇಲಿನ ಪಟ್ಟೆ ಕವಲನ್ನು ಹೇಳುತ್ತದೆ: ನೀಲಿ-ಕೆಂಪು ಡಿಪ್, ನೀಲಿ-ಬಿಳಿ ಹೈಬೀಮ್.

ದೀಪ ಹೊತ್ತಿಸಿಯೇ ಅಳೆಯಿರಿ

ಬಲ್ಬ್ ತೆಗೆದು ಹೋಲ್ಡರ್‌ನಲ್ಲಿ ಅಳೆದರೆ 12 ವೋಲ್ಟ್ ತೋರಿಸುತ್ತದೆ, ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ತೋರಿಸುತ್ತದೆ. ಕರೆಂಟ್ ಹರಿಯದೆ ವೋಲ್ಟೇಜ್ ಸೋರುವುದಿಲ್ಲ. ಆದ್ದರಿಂದ ದೀಪ ಉರಿಯುತ್ತಿರಲಿ. ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಒಂದು ಕಡ್ಡಿಯನ್ನು ಅರ್ಥಿಂಗ್ ಅಲ್ಲದ ಬ್ಯಾಟರಿ ತುದಿಗೂ ಇನ್ನೊಂದನ್ನು ದೀಪದ ಸಪ್ಲೈ ತುದಿಗೂ ಮುಟ್ಟಿಸಿ. ಮೀಟರ್ ತೋರಿಸುವುದು ದಾರಿಯಲ್ಲಿ ಕಳೆದುಹೋದ ವೋಲ್ಟೇಜ್. ಅರ್ಧ ವೋಲ್ಟ್ ಮೀರಿದರೆ ಎಲ್ಲೋ ತೊಂದರೆ ಇದೆ. ಎರಡನೇ ಕಡ್ಡಿಯನ್ನು ದೀಪದಿಂದ ಬ್ಯಾಟರಿಯ ಕಡೆಗೆ ಒಂದೊಂದೇ ಕೀಲಿನ ಬಳಿಗೆ ತನ್ನಿ. ಎಲ್ಲಿ ಅಂಕಿ ಥಟ್ಟನೆ ಇಳಿಯಿತೋ ಅದಕ್ಕೆ ಸ್ವಲ್ಪ ಮುಂಚೆ ದಾಟಿದ ಕೀಲೇ ಅಪರಾಧಿ.

ಹೆಚ್ಚಿನ ಸಲ ಅದು ಬುಲೆಟ್ ಕನೆಕ್ಟರ್ ಆಗಿರುತ್ತದೆ. ಕಪ್ಪು ರಬ್ಬರಿನೊಳಗೆ ಸೀಳಿರುವ ಲೋಹದ ಕೊಳವೆ, ಎರಡೂ ಕಡೆಯಿಂದ ತುರುಕಿದ ಹಿತ್ತಾಳೆಯ ಗುಂಡು. ನೀರು ನುಗ್ಗಿ ಗುಂಡಿಗೆ ಹಸಿರು ಕಿಲುಬು ಹಿಡಿಯುತ್ತದೆ, ಕೊಳವೆಯ ಬಿಗಿ ಸಡಿಲವಾಗುತ್ತದೆ. ಗುಂಡನ್ನು ನಯವಾದ ಉಪ್ಪುಕಾಗದದಿಂದ ಹೊಳೆಯುವಂತೆ ಉಜ್ಜಿ, ಕೊಳವೆಯನ್ನು ಮಾತ್ರ ಹೊಸದೇ ಹಾಕಿ. ಬಿಗಿ ಹೋದದ್ದು ಉಜ್ಜಿದರೆ ಮರಳುವುದಿಲ್ಲ. ಸೇರಿಸುವ ಮುನ್ನ ಪೆಟ್ರೋಲಿಯಂ ಜೆಲ್ಲಿ ಸವರಿ.

ಅರ್ಥಿಂಗ್ ಬದಿಯನ್ನೂ ಹೀಗೇ ನೋಡಿ: ಬ್ಯಾಟರಿಯ ಅರ್ಥಿಂಗ್ ತುದಿಯಿಂದ ದೀಪದ ಲೋಹದ ಕವಚಕ್ಕೆ. ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಿಣುಕಿದರೆ ಆ ದೀಪದ ಅರ್ಥಿಂಗ್ ಹೋಗಿದೆ ಎಂದೇ ತಿಳಿಯಿರಿ. ಬೋಲ್ಟ್ ಬಿಚ್ಚಿ ಪೇಂಟ್, ತುಕ್ಕು ಕೆರೆದು ಬಿಗಿ ಮಾಡಿ. ಎಂಜಿನ್‌ಗೂ ಬಾಡಿಗೂ ನಡುವಿನ ಹೆಣೆದ ಪಟ್ಟಿಯನ್ನು ಮರೆಯಬೇಡಿ. ಅದು ಕಡಿದಿದ್ದರೆ ಸ್ಟಾರ್ಟರ್‌ನ ಕರೆಂಟ್ ಚೋಕ್ ಕೇಬಲ್ ಮೂಲಕ ಹರಿದು, ಕೇಬಲ್ ಕೈಸುಡುವಷ್ಟು ಬಿಸಿಯಾಗುತ್ತದೆ.

ಪೆಟ್ರೋಲ್ ಮತ್ತು ಉಷ್ಣತೆಯ ಮೀಟರ್‌ಗಳು ಒಟ್ಟಿಗೇ ತಪ್ಪು ತೋರಿಸಿದರೆ ಡ್ಯಾಶ್‌ಬೋರ್ಡ್ ಹಿಂದಿನ 10 ವೋಲ್ಟ್ ಸ್ಟೆಬಿಲೈಸರನ್ನೂ ಅದರ ಅರ್ಥಿಂಗನ್ನೂ ನೋಡಿ.

ಫ್ಯೂಸ್ ಪದೇಪದೇ ಹಾರಿದರೆ

ದೊಡ್ಡ ಫ್ಯೂಸ್ ಹಾಕಬೇಡಿ. ಲ್ಯೂಕಾಸ್ ಕಂಪನಿಯ ಗಾಜಿನ ಫ್ಯೂಸ್ ಮೇಲಿನ 35 ಆಂಪಿಯರ್ ಎಂಬುದು ಅದು ಕರಗುವ ಮಿತಿ, ಸತತವಾಗಿ ತಾಳುವುದು 17 ಮಾತ್ರ. ಸತತ 35 ತಾಳುವ ಬೇರೆ ಫ್ಯೂಸ್ ಹಾಕಿದರೆ ಫ್ಯೂಸ್‌ಗೆ ಮುಂಚೆ ವೈರೇ ಸುಡುತ್ತದೆ.

ಹಾರುವುದು ಹಸಿರು ವೈರಿನ ಫ್ಯೂಸ್ ಆದರೆ ಅದರ ಜಾಗದಲ್ಲಿ 21 ವ್ಯಾಟ್ ಬಲ್ಬ್ ಸೇರಿಸಿ ಕೀಲಿ ತಿರುಗಿಸಿ. ಶಾರ್ಟ್ ಇದ್ದರೆ ಅದು ಪೂರ್ತಿ ಉರಿಯುತ್ತದೆ. ಈಗ ಹಸಿರು ಕವಲುಗಳನ್ನು ಒಂದೊಂದಾಗಿ ಬಿಡಿಸುತ್ತ ಹೋಗಿ. ಯಾವುದನ್ನು ಬಿಡಿಸಿದಾಗ ಬಲ್ಬ್ ಮಂಕಾಯಿತೋ ಶಾರ್ಟ್ ಅದರಲ್ಲೇ ಇದೆ. ತಗಡಿನ ತೂತಿನಲ್ಲಿ ರಬ್ಬರ್ ಬಳೆ ಪುಡಿಯಾಗಿ ವೈರು ಉಜ್ಜುವಲ್ಲಿ, ಡಿಕ್ಕಿಯ ಬಾಗಿಲಿನ ತಿರುಗಣೆಯ ಬಳಿ ಮೊದಲು ಹುಡುಕಿ.

ರಾತ್ರಿ ಬೆಳಗಾಗುವುದರಲ್ಲಿ ಬ್ಯಾಟರಿ ಇಳಿದರೆ

ಕೀಲಿ ತೆಗೆದು, ಬಾಗಿಲು ಮುಚ್ಚಿ, ಅರ್ಥಿಂಗ್ ಕೇಬಲ್ ಬಿಚ್ಚಿ, ಅದಕ್ಕೂ ಬ್ಯಾಟರಿ ತುದಿಗೂ ನಡುವೆ 5 ವ್ಯಾಟ್ ಬಲ್ಬ್ ಹಿಡಿಯಿರಿ. ಉರಿದರೆ ಕರೆಂಟ್ ಸೋರುತ್ತಿದೆ. ಮೊದಲು ನೇರಳೆ ಫ್ಯೂಸ್ ತೆಗೆಯಿರಿ: ಆರಿದರೆ ಒಳದೀಪದ ಬಾಗಿಲು ಸ್ವಿಚ್ ಅಥವಾ ಹಾರ್ನ್ ನೋಡಿ. ಆಗಲೂ ಉರಿದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ನ ಪ್ಲಗ್ ಎಳೆಯಿರಿ, ಅದರ ಕಂದು ವೈರು ಲೋಹಕ್ಕೆ ತಾಗದಿರಲಿ. ಈಗ ಬಲ್ಬ್ ಆರಿದರೆ ಆಲ್ಟರ್ನೇಟರ್‌ನ ಡಯೋಡ್ ಹೋಗಿದೆ.