ಹೆಸರಿಲ್ಲದ ಎರಡು ಪುಟ: ಮಂಡ್ಯದ ಕಥಾ ತರಗತಿಯಲ್ಲಿ ನನ್ನ ಅನುಭವ

ಕತೆ ಬರೆಯುವುದನ್ನು ಪದವಿ ತರಗತಿಯಲ್ಲಿ ಕಲಿಸಲಾಗದು ಎಂದು ವಾದಿಸಿದ್ದ ಸಹೋದ್ಯೋಗಿಗಳೇ ಈ ವರ್ಷ ತಮ್ಮ ವಿದ್ಯಾರ್ಥಿಗಳನ್ನು ನನ್ನ ಕಮ್ಮಟಕ್ಕೆ ಕಳುಹಿಸಿದ್ದಾರೆ. ಆದ್ದರಿಂದ ಮಂಡ್ಯದ ನಮ್ಮ ಕಾಲೇಜಿನಲ್ಲಿ ಮಾಡಿದ್ದನ್ನು ಸೃಜನಶೀಲ ಬರವಣಿಗೆಯನ್ನು ಪಠ್ಯವಿಷಯವಾಗಿ ಬೋಧಿಸುತ್ತಿರುವವರಿಗಾಗಿ ಬರೆಯುತ್ತಿದ್ದೇನೆ.

ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ 1936ರಲ್ಲಿ ಆರಂಭವಾದ ಕಮ್ಮಟದಿಂದ ಹಬ್ಬಿದ ಕ್ರಮ ನಿಮಗೆ ಗೊತ್ತೇ ಇದೆ: ಕತೆಯ ಪ್ರತಿ ಮೊದಲೇ ಎಲ್ಲರ ಕೈಸೇರಬೇಕು, ಚರ್ಚೆಯ ವೇಳೆ ಬರೆದವರು ಸುಮ್ಮನಿರಬೇಕು. ನಮ್ಮಲ್ಲಿ ಇದು ಮೊದಲ ಸೆಮಿಸ್ಟರಿನಲ್ಲೇ ನೆಲಕಚ್ಚಿತು. ‘ಚೆನ್ನಾಗಿದೆ ಸಾರ್’ ಎಂಬುದನ್ನು ಬಿಟ್ಟು ಯಾರ ಬಾಯಿಂದಲೂ ಮಾತು ಹೊರಡಲಿಲ್ಲ. ಕತೆಯಲ್ಲಿ ಬರುವ ಸೋದರಮಾವ ಯಾರೆಂದು ಒಂದೇ ಊರಿನ ಸಹಪಾಠಿಗಳು ಗುರುತಿಸಿದ ಮೇಲೆ ಒಬ್ಬ ವಿದ್ಯಾರ್ಥಿನಿ ಬರೆಯುವುದನ್ನೇ ನಿಲ್ಲಿಸಿದಳು. ಮುಂದೆ ಪ್ರತಿಗಳಿಂದ ಬರೆದವರ ಹೆಸರು ತೆಗೆದೆ. ಕೈಬರಹದಿಂದಲೂ ಗುರುತು ಹತ್ತಬಾರದೆಂದು ಎಲ್ಲವನ್ನೂ ನುಡಿ ತಂತ್ರಾಂಶದಲ್ಲಿ ನಾನೇ ಬೆರಳಚ್ಚು ಮಾಡಿದೆ.

ಹಣದ ಮಾತು ಬೇರೆಯೇ ಇತ್ತು. ಎಂಟು ಪುಟದ ಕತೆಗೆ ಇಪ್ಪತ್ತು ಜೆರಾಕ್ಸ್ ಎಂದರೆ ಸುಮಾರು 300 ರೂಪಾಯಿ; ವಾರಕ್ಕೆರಡು ಕತೆಯಂತೆ ಸೆಮಿಸ್ಟರಿಗೆ ಏಳೆಂಟು ಸಾವಿರ ನನ್ನ ಜೇಬಿನಿಂದಲೇ ಹೋಯಿತು. ಕೊನೆಗೆ ಒಂದೇ ಹಾಳೆ, ಎರಡು ಮಗ್ಗುಲು ಎಂಬ ಮಿತಿ ಹಾಕಿದಾಗ ಖರ್ಚು ನೂರರೊಳಗೆ ಇಳಿಯಿತು. ಅದಕ್ಕಿಂತ ಮುಖ್ಯವಾಗಿ, ಎಂಟು ಪುಟವನ್ನು ಓದದೆ ಬರುತ್ತಿದ್ದವರು ಎರಡು ಪುಟವನ್ನು ಗೆರೆಯೆಳೆದುಕೊಂಡು ಓದಿ ಬಂದರು, ವಾಕ್ಯ ವಾಕ್ಯವನ್ನು ಹಿಡಿದು ಮಾತಾಡಿದರು. ಅಭಿಪ್ರಾಯಕ್ಕೆ ಮುನ್ನ ಎರಡು ಪ್ರಶ್ನೆಗೆ ಉತ್ತರ ಕಡ್ಡಾಯ: ಕತೆಯಲ್ಲಿ ಯಾರಿಗೆ ಏನು ಬೇಕಾಗಿದೆ, ನೀವು ಎಲ್ಲಿ ಎರಡನೆಯ ಸಲ ಓದಿದಿರಿ.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ವಿದ್ಯಾರ್ಥಿಗಳನ್ನು ಆಲೆಮನೆಗೆ ಕರೆದೊಯ್ದು, ಕಿವಿಗೆ ಬಿದ್ದ ಮಾತನ್ನು ಹಾಗೆಯೇ ಬರೆಯಲು ಹೇಳಿದೆ. ‘ನಾಳೆ ಬರುತ್ತೇನೆ’ ಎನ್ನುತ್ತಿದ್ದ ಕತೆಯ ಕೂಲಿಯವನು ‘ನಾಳಿಕ್ ಬತ್ತೀನಿ ಕಣಣ್ಣೋ’ ಎನ್ನತೊಡಗಿದ ಮೇಲೆ ನಿರೂಪಣೆಯೂ ತಾನಾಗಿ ಚುರುಕಾಯಿತು.

ಅಂಕದ ವಿಚಾರದಲ್ಲಿ, ಮೂರು ಗಂಟೆಯ ಪರೀಕ್ಷೆಯೇ ಸಾಕೆಂದವರಿಗೆ ಅಯೋವಾ 1922ರಲ್ಲೇ ಸೃಜನಶೀಲ ಕೃತಿಯನ್ನು ಉನ್ನತ ಪದವಿಯ ಪ್ರಬಂಧವಾಗಿ ಒಪ್ಪಿದ್ದನ್ನು ತೋರಿಸಿದೆ. ಆಂತರಿಕ ಅಂಕದಲ್ಲಿ ಹೆಚ್ಚಿನ ಪಾಲನ್ನು ಮೊದಲ ಕರಡಿಗೂ ಕೊನೆಯ ಕರಡಿಗೂ ಇರುವ ಅಂತರಕ್ಕೆ ಕೊಡುತ್ತೇನೆ. ನಾಲ್ಕೈದು ಮಂದಿಯ ಕತೆಗಳು ಪತ್ರಿಕೆಗಳ ಸಾಪ್ತಾಹಿಕ ಪುರವಣಿಗಳಲ್ಲಿ ಅಚ್ಚಾಗಿವೆ. ಬರೆಯುವುದನ್ನು ನಿಲ್ಲಿಸಿದ್ದ ಆ ವಿದ್ಯಾರ್ಥಿನಿಯದೂ ಅವುಗಳಲ್ಲೊಂದು.