ಗಂಡನಿಗೆ ಬಾಯಿ ಕ್ಯಾನ್ಸರ್ ಆಪರೇಷನ್ ಆಗಿ ಗಂಟಲಲ್ಲಿ ಟ್ಯೂಬ್ ಇದ್ರೆ ಮನೇಲಿ ಹೇಗೆ ನೋಡ್ಕೊಳ್ಳೋದು

ನಮ್ಮನೆಯವರಿಗೆ ಕೆನ್ನೆ ಒಳಗೆ ಕ್ಯಾನ್ಸರ್ ಆಗಿತ್ತು, ಆಪರೇಷನ್ ಮಾಡಿ ಗಂಟಲಿಗೆ ಟ್ಯೂಬ್ ಹಾಕಿದ್ರು, ಆ ಟ್ಯೂಬ್ ಜೊತೆಗೇ ಮನೆಗೆ ಬಂದ್ವಿ, ಆಮೇಲೆ ಕರೆಂಟ್ (ರೇಡಿಯೇಷನ್ ಚಿಕಿತ್ಸೆ) ಕೊಡ್ಸಿದ್ವಿ. ಈಗ ಇದೇ ದಾರೀಲಿರೋ ಹೆಂಡತಿಯರಿಗೆ ಬರೀತಿದೀನಿ, ಹೆಂಡತಿಗೆ ಕಾಯಿಲೆ ಬಂದಿರೋ ಗಂಡಂದಿರಿಗೂ ಇದೇ ಅನ್ವಯಿಸುತ್ತೆ. ನಿಮ್ಮ ಡಾಕ್ಟರ್ ಬೇರೆ ಏನಾದ್ರೂ ಹೇಳಿದ್ರೆ ಅದನ್ನೇ ಕೇಳಿ, ನಾನು ಹೇಳ್ತಿರೋದು ಮನೇಲಿ ದಿನ ಹೇಗೆ ಸಾಗಿಸೋದು ಅಂತ ಅಷ್ಟೇ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸೋದನ್ನ ಮೊದಲೇ ಹೇಳ್ಬಿಡ್ತೀನಿ: ಅವರಿಗೆ ಮಾತು ನಿಂತಿದೆ, ಬುದ್ಧಿ ನಿಂತಿಲ್ಲ. ಆದ್ದರಿಂದ ಅವರ ಆರೈಕೇಲಿ ಅವರ ಕೈಲಿ ಆಗೋದನ್ನೆಲ್ಲ ಅವರಿಂದಲೇ ಮಾಡ್ಸಿ, ಅವರನ್ನ ಕೇಳದೆ ಏನೂ ತೀರ್ಮಾನ ಮಾಡ್ಬೇಡಿ.

ಟ್ಯೂಬ್ ಯಾಕೆ ಅಂತ ತುಂಬಾ ಜನಕ್ಕೆ ಗೊತ್ತಿರಲ್ಲ, ಗಂಟಲಿಗೂ ಕ್ಯಾನ್ಸರ್ ಹಬ್ಬಿದೆ ಅಂತ ತಿಳ್ಕೊಂಡು ಅಳ್ತಾರೆ. ಹಾಗೇನೂ ಅಲ್ಲ. ಕೆನ್ನೆ, ನಾಲಿಗೆ, ದವಡೆ ಕತ್ತರಿಸಿ ಎದೆಯಿಂದಲೋ ಮುಂಗೈಯಿಂದಲೋ ಕಾಲಿಂದಲೋ ಮಾಂಸ ತಂದು ಹೊಲಿದಾಗ ಬಾಯಿ ಒಳಗೆಲ್ಲ ಊದ್ಕೊಳ್ಳುತ್ತೆ, ಉಸಿರಿನ ದಾರಿ ಮುಚ್ಚಬಾರ್ದು ಅಂತ ಕತ್ತಿನ ಮುಂಭಾಗದಲ್ಲಿ ತೂತು ಮಾಡಿ ಟ್ಯೂಬ್ ಇಡ್ತಾರೆ. ಊತ ಇಳಿದ ಮೇಲೆ ಸುಮಾರು ಜನರಿಗೆ ಆಸ್ಪತ್ರೇಲೇ ತೆಗೀತಾರೆ, ಕೆಲವರಿಗೆ ಕರೆಂಟ್ ಮುಗಿಯೋವರೆಗೂ ಬಿಡ್ತಾರೆ. ಗಾಳಿ ಧ್ವನಿಪೆಟ್ಟಿಗೆ ತನಕ ಹೋಗದೆ ಕೆಳಗಿಂದಲೇ ಆಚೆ ಬರೋದ್ರಿಂದ ದನಿ ಬರಲ್ಲ, ಧ್ವನಿಪೆಟ್ಟಿಗೆ ಇದ್ದಲ್ಲೇ ಇರುತ್ತೆ. ಇದನ್ನ ಅತ್ತೆ ಮಾವನಿಗೆ, ಮಕ್ಕಳಿಗೆ ಬಿಡಿಸಿ ಹೇಳಿ, ಅರ್ಧ ಭಯ ಅಲ್ಲೇ ಹೋಗುತ್ತೆ.

ಆಪರೇಷನ್‌ಗೆ ಮುಂಚೆ ಮಾಡೋದು

ರೇಷನ್ ಕಾರ್ಡ್, ಆಧಾರ್ ತಗೊಂಡು ಆಸ್ಪತ್ರೇಲಿ ಸರ್ಕಾರಿ ಯೋಜನೆ ಕೆಲಸ ನೋಡ್ಕೊಳ್ಳೋ ಆರೋಗ್ಯಮಿತ್ರ ಯಾರು ಅಂತ ಕೇಳಿ ಅವರ ಹತ್ರ ಹೋಗಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೇಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದಲ್ಲಿ ಶೇಕಡ 30 ಸರ್ಕಾರ ಕೊಡುತ್ತೆ. ಮೊದಲೇ ಕೈಯಿಂದ ದುಡ್ಡು ಕಟ್ಟಿ ಆಮೇಲೆ ಕೇಳಿದ್ರೆ ಕಷ್ಟ, ಅಡ್ಮಿಟ್ ಆಗೋಕೆ ಮುಂಚೇನೇ ಮಾತಾಡಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಂಥ ಕಡೆ ದೂರದೂರಿಂದ ಬಂದವರಿಗೆ ಧರ್ಮಶಾಲೆ ಇದೆ, ಕರೆಂಟ್ ಕೊಡೋ ಆರು ವಾರ ಲಾಡ್ಜ್ ಬಾಡಿಗೆ ಕೊಡೋದು ಯಾರಿಗೂ ಆಗಲ್ಲ, ಜಾಗ ಇದೆಯಾ ಅಂತ ವಿಚಾರಿಸಿ. ರೈಲಲ್ಲಿ ಓಡಾಡೋರು ರಿಯಾಯಿತಿ ಫಾರಂಗೆ ಆಸ್ಪತ್ರೇಲಿ ಸಹಿ ಹಾಕಿಸ್ಕೊಳ್ಳಿ.

ಕರೆಂಟ್ ಕೊಡೋ ಪ್ಲಾನ್ ಇದ್ರೆ ಹಲ್ಲಿನ ಡಾಕ್ಟರ್ ಹತ್ರ ತೋರ್ಸಲೇಬೇಕು. ಹುಳುಕು ಹಲ್ಲು ಕೀಳೋದಿದ್ರೆ ಮುಂಚೆನೇ ಕೀಳಿಸ್ಬೇಕು, ಕರೆಂಟ್ ಆದ ಮೇಲೆ ದವಡೆ ಮೂಳೆಗೆ ರಕ್ತ ಓಡಾಟ ಕಮ್ಮಿಯಾಗಿರುತ್ತೆ, ಆಗ ಹಲ್ಲು ಕಿತ್ರೆ ಗಾಯ ಮಾಯದೆ ಮೂಳೆನೇ ಕೊಳೆಯೋ ಅಪಾಯ ಇದೆ. ವರ್ಷಗಳಾದ್ಮೇಲೂ ಈ ಅಪಾಯ ಹೋಗಲ್ಲ.

ಇನ್ನೊಂದು, ಮಾತಿರುವಾಗಲೇ ಇಬ್ಬರೂ ಕೂತು ಮಾತಾಡ್ಕೊಳ್ಳಿ. ಬ್ಯಾಂಕ್, ಸಾಲ, ಜಮೀನು, ಮಕ್ಕಳ ಫೀಸು ಎಲ್ಲ. ಏಳ್ಬೇಕು, ಕಫ ತೆಗೀಬೇಕು, ನೋವು, ಬಾತ್ರೂಮು, ಚಳಿ, ಸುಮ್ನಿರಿ ಸಾಕು, ಇದಕ್ಕೆಲ್ಲ ಕೈಸನ್ನೆ ಮೊದಲೇ ಗೊತ್ತು ಮಾಡ್ಕೊಂಡ್ರೆ ಐಸಿಯುನಲ್ಲಿ ಅವರು ಒದ್ದಾಡಲ್ಲ.

ವಾರ್ಡಲ್ಲೇ ಕಲೀಬೇಕು

ಡಿಸ್ಚಾರ್ಜ್ ದಿನ ಸಿಸ್ಟರ್ ಐದು ನಿಮಿಷದಲ್ಲಿ ತೋರ್ಸೋದು ತಲೆಗೆ ಹೋಗಲ್ಲ. ಎರಡು ಮೂರು ದಿನ ಮುಂಚೆಯಿಂದಲೇ "ಸಿಸ್ಟರ್, ನಾನು ಮಾಡ್ತೀನಿ, ನೀವು ಪಕ್ಕದಲ್ಲಿ ನಿಂತ್ಕೊಳ್ಳಿ" ಅಂತ ಕೇಳಿ. ಕಫ ಎಳೆಯೋದು, ಒಳ ಟ್ಯೂಬ್ ತೊಳೆಯೋದು, ಟ್ಯೂಬ್ ಕಟ್ಟಿರೋ ದಾರ ಬದಲಾಯ್ಸೋದು, ಮೂಗಿಂದ ಹೊಟ್ಟೆಗೆ ಹಾಕಿರೋ ಪೈಪಲ್ಲಿ ಊಟ ಕೊಡೋದು, ಈ ನಾಲ್ಕನ್ನ ನಿಮ್ಮ ಕೈಯಾರೆ ಮಾಡಿ ಧೈರ್ಯ ಬರದೆ ಮನೆಗೆ ಹೋಗ್ಬೇಡಿ. ಮನೇಲಿ ಇನ್ನೊಬ್ರಿಗೂ ಕಲ್ಸಿ, ಮಗನೋ ತಂಗಿಯೋ, ನಿಮಗೊಂದು ಜ್ವರ ಬಂದ್ರೆ ಯಾರು ನೋಡ್ತಾರೆ. ಟ್ಯೂಬಿನ ಕಂಪನಿ, ಸೈಜು ಡಿಸ್ಚಾರ್ಜ್ ಸಮ್ಮರೀಲಿ ಬರೆಸ್ಕೊಳ್ಳಿ.

ಒಳ ಟ್ಯೂಬ್

ಮನೆಗೆ ಕಳಿಸೋ ಟ್ಯೂಬಲ್ಲಿ ಸಾಮಾನ್ಯವಾಗಿ ಎರಡು ಭಾಗ ಇರುತ್ತೆ. ಹೊರಗಿಂದು ಕತ್ತಲ್ಲೇ ಇರುತ್ತೆ, ಅದನ್ನ ನೀವು ತೆಗೆಯೋ ಹಾಗಿಲ್ಲ. ಒಳಗಿಂದನ್ನ ಬೀಗದ ಥರ ತಿರುಗಿಸಿ ಹೊರಗೆ ಎಳೀಬೋದು, ದಿನಕ್ಕೆ ಕನಿಷ್ಠ ಎರಡು ಮೂರು ಸಲ, ಕಫ ಜಾಸ್ತಿ ಇದ್ರೆ ಇನ್ನೂ ಹೆಚ್ಚು ಸಲ ತೊಳೀಬೇಕು. ಸೋಪಲ್ಲಿ ಕೈ ತೊಳ್ಕೊಂಡು, ಹೊರ ಟ್ಯೂಬಿನ ಕತ್ತಿನ ಮೇಲೆ ಕೂರೋ ರೆಕ್ಕೇನ ಒಂದು ಕೈಲಿ ಅಲ್ಲಾಡದಂತೆ ಒತ್ತಿ ಹಿಡಿದು, ಇನ್ನೊಂದು ಕೈಲಿ ಒಳಗಿಂದನ್ನ ಅದರ ಬಾಗು ಹೇಗಿದೆಯೋ ಹಾಗೇ ಎಳೀರಿ. ಉಗುರುಬೆಚ್ಚಗಿನ ನೀರಲ್ಲಿ ಸ್ವಲ್ಪ ಅಡುಗೆ ಸೋಡಾ ಹಾಕಿ ನೆನೆಸಿ, ಟ್ಯೂಬ್ ಬ್ರಷ್ಷಲ್ಲಿ ಉಜ್ಜಿ, ಕುದಿಸಿ ಆರಿಸಿದ ನೀರಲ್ಲಿ ತೊಳೆದು, ಬೆಳಕಿಗೆ ಹಿಡಿದು ಆರಪಾರ ಕಾಣುತ್ತಾ ನೋಡಿ, ನೀರು ಚೆನ್ನಾಗಿ ಒದರಿ ವಾಪಸ್ ಹಾಕಿ ಲಾಕ್ ಮಾಡಿ. ಲೋಹದ್ದಾದ್ರೆ ಕುದಿಸ್ಬೋದು, ಪ್ಲಾಸ್ಟಿಕ್ಕಿಂದನ್ನ ಕುದಿಸ್ಬೇಡಿ. ಲೋಹದ ಟ್ಯೂಬ್ ಇದ್ರೆ ಕರೆಂಟ್ ಶುರುವಾಗೋ ಮುಂಚೆ ಅಲ್ಲಿನ ಡಾಕ್ಟರಿಗೆ ಹೇಳಿ, ಸಾಮಾನ್ಯವಾಗಿ ಪ್ಲಾಸ್ಟಿಕ್‌ಗೆ ಬದಲಾಯಿಸ್ತಾರೆ.

ಇದೇ ಅವರು ಕಲಿಯೋಕೆ ಒಳ್ಳೇ ಕೆಲಸ. ಮುಂದೆ ಕನ್ನಡಿ ಇಟ್ಟು ಅವರಿಂದಲೇ ತೆಗೆಸಿ ಹಾಕಿಸಿ, ಸಿಸ್ಟರ್ ಹೇಳ್ಕೊಟ್ರೆ ಸುಮಾರು ಜನ ಬೇಗ ಕಲೀತಾರೆ. ಕನ್ನಡೀಲಿ ಮುಖ ನೋಡ್ಕೊಳ್ಳೋದು ಮೊದಲು ಅವರಿಗೆ ಬಹಳ ಕಷ್ಟ ಆಗುತ್ತೆ, ಬಲವಂತ ಬೇಡ, ಆದ್ರೆ ಮನೇಲಿ ಕನ್ನಡಿ ಬಚ್ಚಿಡೋದೂ ಬೇಡ.

ಟ್ಯೂಬ್ ಕೆಳಗೆ ಗಾಜ್ ಬಟ್ಟೆ ಇಡ್ತೀವಲ್ಲ, ಅದನ್ನ ಕತ್ತರೀಲಿ ಕತ್ತರಿಸ್ಬೇಡಿ, ಎಳೆ ಬಿಟ್ಕೊಂಡು ತೂತಿನೊಳಗೆ ಹೋಗುತ್ತೆ, ಮಡಚಿ ಇಡಿ ಇಲ್ಲ ರೆಡಿ ಸಿಗೋದು ತನ್ನಿ. ಒದ್ದೆ ಆದ ತಕ್ಷಣ ಬದಲಾಯಿಸಿ. ಕತ್ತಿನ ದಾರ ಬದಲಾಯಿಸುವಾಗ ಇಬ್ರು ಇರ್ಬೇಕು, ಒಬ್ರು ಟ್ಯೂಬ್ ಹಿಡ್ಕೊಂಡೇ ಇರ್ಬೇಕು, ಕೆಮ್ಮಿದ್ರೆ ಹಾರಿ ಬರುತ್ತೆ. ಕಟ್ಟಿದ ಮೇಲೆ ದಾರದ ಕೆಳಗೆ ಒಂದು ಬೆರಳು ಹೋಗ್ಬೇಕು, ಅದಕ್ಕಿಂತ ಸಡಿಲ ಬೇಡ, ಬಿಗಿನೂ ಬೇಡ.

ಕಫ ಎಳೆಯೋದು

ಗೊರಗೊರ ಸದ್ದು ಬಂದ್ರೆ, ಉಸಿರಿಗೆ ಕಷ್ಟ ಪಟ್ರೆ, ಅಥವಾ ಅವರೇ ಸನ್ನೆ ಮಾಡಿದ್ರೆ ಮಾತ್ರ ಸಕ್ಷನ್ ಮಾಡಿ, ಅಂದ್ರೆ ಮಷಿನ್ ಪೈಪಲ್ಲಿ ಕಫ ಎಳೀರಿ, ಗಡಿಯಾರ ನೋಡ್ಕೊಂಡು ಮಾಡೋದಲ್ಲ. ಮೊದಲು ಅವರೇ ಜೋರಾಗಿ ಕೆಮ್ಮಲಿ, ಎಷ್ಟೋ ಸಲ ಅದರಲ್ಲೇ ಬಂದ್ಬಿಡುತ್ತೆ. ಬರ್ಲಿಲ್ಲ ಅಂದ್ರೆ ಕೈ ತೊಳೆದು ಗ್ಲೌಸ್ ಹಾಕ್ಕೊಂಡು, ಮಷಿನ್ ಒತ್ತಡ 80 ರಿಂದ 120 mmHg ಒಳಗೆ ಇಟ್ಟು, ಪೈಪಿನ ಹಿಡಿ ಕಡೆ ಇರೋ ತೂತಿನ ಮೇಲೆ ಹೆಬ್ಬೆರಳು ಇಡದೆ ಒಳಗೆ ಬಿಡಿ. ಎಷ್ಟು ಉದ್ದ ಬಿಡ್ಬೇಕು ಅಂತ ಸಿಸ್ಟರ್ ಅಳತೆ ತೋರ್ಸಿರ್ತಾರೆ, ಟ್ಯೂಬಿನ ಉದ್ದಕ್ಕಿಂತ ತುಂಬಾ ಆಚೆ ಹೋಗ್ಬಾರ್ದು. ಈಗ ಹೆಬ್ಬೆರಳು ಮುಚ್ಚಿ, ನಿಧಾನಕ್ಕೆ ತಿರುಗಿಸ್ತಾ ಹೊರಗೆ ಎಳೀರಿ. ಒಂದು ಸಲಕ್ಕೆ 10 ಸೆಕೆಂಡಿಗಿಂತ ಜಾಸ್ತಿ ಬೇಡ, ಆ ಹೊತ್ತು ಅವರಿಗೆ ಉಸಿರಾಡೋಕೆ ಆಗಲ್ಲ ಅನ್ನೋದು ನೆನಪಿರ್ಲಿ, ನೀವೂ ಉಸಿರು ಬಿಗಿ ಹಿಡ್ಕೊಂಡು ಮಾಡಿದ್ರೆ ಎಷ್ಟು ಹೊತ್ತಾಯ್ತು ಅಂತ ತಾನಾಗೇ ಗೊತ್ತಾಗುತ್ತೆ. ಮತ್ತೆ ಮಾಡೋ ಮುಂಚೆ ನಾಲ್ಕು ಉಸಿರು ಆರಾಮಾಗಿ ತಗೊಳ್ಳಲಿ. ಬಾಯಿಗೆ ಬಳಸಿದ ಪೈಪನ್ನ ಟ್ಯೂಬಿಗೆ ಹಾಕ್ಬೇಡಿ.

ಹಳ್ಳಿ ಕಡೆ ಮನೆ ಕರೆಂಟ್ (ವಿದ್ಯುತ್) ಹೋಗೋದು ದೊಡ್ಡ ತಲೆನೋವು. ಯುಪಿಎಸ್ ಇದ್ರೆ ಸರಿ, ಇಲ್ಲ ಅಂದ್ರೆ ಕಾಲಲ್ಲಿ ತುಳಿಯೋ ಸಕ್ಷನ್ ಮಷಿನ್ ಸರ್ಜಿಕಲ್ ಅಂಗಡೀಲಿ ಸಿಗುತ್ತೆ, ಬಾಡಿಗೆಗೂ ಕೆಲವು ಕಡೆ ಕೊಡ್ತಾರೆ. ಟಾರ್ಚ್ ಹಾಸಿಗೆ ಪಕ್ಕದಲ್ಲೇ ಇರ್ಲಿ.

ಮೂಗಲ್ಲಿ ಉಸಿರಾಡುವಾಗ ಗಾಳಿ ಬೆಚ್ಚಗೆ ತೇವವಾಗಿ ಧೂಳಿಲ್ಲದೆ ಒಳಗೆ ಹೋಗುತ್ತೆ, ಟ್ಯೂಬಲ್ಲಿ ಆ ಕೆಲಸ ನಡೆಯಲ್ಲ, ಅದಕ್ಕೇ ಕಫ ಒಣಗಿ ಗಟ್ಟಿಯಾಗಿ ಕಟ್ಕೊಳ್ಳುತ್ತೆ. ಒದ್ದೆ ಮಾಡಿ ಹಿಂಡಿದ ಗಾಜ್ ಬಟ್ಟೇನ ಟ್ಯೂಬ್ ಮುಂದೆ ಇಳಿಬಿಡಿ, ಡಾಕ್ಟರ್ ಬರೆದಷ್ಟು ಸಲ ಸಲೈನ್ ನೆಬುಲೈಸೇಷನ್ (ಮಷಿನ್ನಲ್ಲಿ ಉಪ್ಪುನೀರಿನ ಮಂಜು) ಕೊಡಿ, ನೀರು ಸಾಕಷ್ಟು ಹೋಗ್ಲಿ. ಊದುಬತ್ತಿ, ಲೋಬಾನ, ಮೆಣಸಿನಕಾಯಿ ಒಗ್ಗರಣೆ ಹೊಗೆ, ಪೌಡರು ಇದ್ಯಾವ್ದೂ ಆ ರೂಮಿಗೆ ಬೇಡ. ದೇವರ ಮನೆ ಪಕ್ಕದ ರೂಮಲ್ಲಿ ಮಲಗಿಸಿದ್ರೆ ದೀಪ ಒಂದು ಸಾಕು. ಸ್ನಾನಕ್ಕೆ ಎದೆಯಿಂದ ಕೆಳಗೆ ನೀರು ಹಾಕಿ, ಮೇಲೆ ಒದ್ದೆ ಬಟ್ಟೇಲಿ ಒರೆಸಿ.

ತುರ್ತು ಬಂದ್ರೆ

ಒಂದು ಡಬ್ಬೀಲಿ ಅದೇ ಸೈಜಿನ ಟ್ಯೂಬ್ ಒಂದು, ಒಂದು ಸೈಜ್ ಚಿಕ್ಕದು ಒಂದು, ದಾರ, ಕತ್ತರಿ, ಗ್ಲೌಸ್, ಸಕ್ಷನ್ ಪೈಪು, ಸಲೈನ್ ಹಾಕಿ ಅವರ ಜೊತೇಲೇ ಇಡಿ, ಬಸ್ಸಲ್ಲಿ ಹೋದ್ರೂ ಅದು ಹೋಗ್ಬೇಕು. ಉಸಿರು ಕಟ್ಟಿದ್ರೆ ಮೊದಲ ಕೆಲಸ ಒಳ ಟ್ಯೂಬ್ ತೆಗೆಯೋದು, ಹೆಚ್ಚಿನ ಸಲ ಅಡ್ಡ ಇರೋದು ಅಲ್ಲೇ. ಆಮೇಲೆ ಸಕ್ಷನ್. ಆಗಲೂ ಸರಿಹೋಗ್ಲಿಲ್ಲ ಅಂದ್ರೆ 108ಕ್ಕೆ ಫೋನ್ ಮಾಡಿ, "ಗಂಟಲಿಗೆ ಟ್ಯೂಬ್ ಇರೋ ಪೇಷಂಟ್, ಉಸಿರು ಕಟ್ಟಿದೆ" ಅಂತ ಮೊದಲ ವಾಕ್ಯದಲ್ಲೇ ಹೇಳಿ. ಹೊರ ಟ್ಯೂಬೇ ಕಿತ್ತು ಬಂದ್ರೆ ಯಾರಾದ್ರೂ 108ಕ್ಕೆ ಫೋನ್ ಮಾಡ್ಲಿ, ನೀವು ಅವರನ್ನ ಕೂರಿಸಿ ಕತ್ತು ಸ್ವಲ್ಪ ಹಿಂದಕ್ಕೆ ಬಾಗಿಸಿ ತೂತು ಮುಚ್ಚದ ಹಾಗೆ ನೋಡ್ಕೊಳ್ಳಿ, ವಾಪಸ್ ಹಾಕೋದನ್ನ ನಿಮಗೆ ಆಸ್ಪತ್ರೇಲಿ ಕಲ್ಸಿದ್ರೆ ಮಾತ್ರ ಹಾಕಿ, ಬಲವಂತವಾಗಿ ತಳ್ಳಬೇಡಿ. ಟ್ಯೂಬಿಂದಲೋ ಕತ್ತಿನ ಹೊಲಿಗೆಯಿಂದಲೋ ಕೆಂಪು ರಕ್ತ ಬಂದ್ರೆ, ಸ್ವಲ್ಪ ಬಂದು ನಿಂತ್ರೂನೂ, ತಕ್ಷಣ ಆಸ್ಪತ್ರೆಗೆ ಹೊರಡಿ, ಬೆಳಗಾಗ್ಲಿ ಅಂತ ಕಾಯ್ಬೇಡಿ.

ಮಾತು

ರಾತ್ರಿ ಕರೆಯೋಕೆ ಅವರ ಕೈಗೆ ಒಂದು ಗಂಟೆ ಕೊಡಿ, ಪೂಜೆ ಗಂಟೆನೇ ಆಗ್ಬೋದು. ಸ್ಲೇಟು, ಪೆನ್ನು, ಫೋನಲ್ಲಿ ಕನ್ನಡ ಟೈಪಿಂಗು, ಅವರಿಗೆ ಯಾವ್ದು ಸಲೀಸೋ ಅದು. ಅವರು ಬರೀವಾಗ ಕಾಯಿರಿ, ಅರ್ಧಕ್ಕೇ "ಗೊತ್ತಾಯ್ತು ಬಿಡಿ" ಅಂತ ನೀವೇ ಪೂರ್ತಿ ಮಾಡ್ಬೇಡಿ, ಅದು ಅವರಿಗೆ ಎಷ್ಟು ಸಿಟ್ಟು ತರಿಸುತ್ತೆ ಅಂತ ನಾನು ನೋಡಿದೀನಿ. ಬಂದ ನೆಂಟರು ಅವರನ್ನ ಬಿಟ್ಟು ನಿಮ್ಮ ಹತ್ರ "ಊಟ ಮಾಡ್ತಾರಾ, ನಿದ್ದೆ ಮಾಡ್ತಾರಾ" ಅಂತ ಕೇಳಿದ್ರೆ "ಅವರನ್ನೇ ಕೇಳಿ, ಬರೆದು ಹೇಳ್ತಾರೆ" ಅನ್ನಿ. ಬೆರಳಲ್ಲಿ ಟ್ಯೂಬ್ ಮುಚ್ಕೊಂಡು ಮಾತಾಡೋದನ್ನ ಡಾಕ್ಟರ್ ಒಪ್ಪಿದ ಮೇಲೆ ಮಾತ್ರ, ಟ್ಯೂಬಿಗೆ ಬಲೂನ್ ಇದ್ದು ಅದು ಊದಿರುವಾಗ ಮುಚ್ಚಿದ್ರೆ ಉಸಿರೇ ನಿಂತ್ಹೋಗುತ್ತೆ.

ಊಟ, ಕರೆಂಟು

ಮೂಗಿನ ಪೈಪಲ್ಲಿ ಕೊಡುವಾಗ ಕೂರಿಸಿ ಕೊಡಿ, ಆದ್ಮೇಲೂ ಅರ್ಧ ಮುಕ್ಕಾಲು ಗಂಟೆ ಮಲಗಿಸ್ಬೇಡಿ. ಮೂಗಿನ ಹತ್ರ ಪೈಪಿನ ಮೇಲಿನ ಗುರುತು ಮೊದಲಿನ ಜಾಗದಲ್ಲೇ ಇದೆಯಾ ನೋಡಿ, ಸರಿದಿದ್ರೆ ಏನೂ ಹಾಕದೆ ಆಸ್ಪತ್ರೆಗೆ ಕೇಳಿ. ಸಿರಿಂಜ್ ಎತ್ತಿ ಹಿಡಿದ್ರೆ ತಾನಾಗೇ ಇಳಿಯುತ್ತೆ, ಒತ್ತಬೇಡಿ. ಡಯಟೀಷಿಯನ್ ಲೆಕ್ಕ ಕೊಟ್ಟಿರ್ತಾರೆ, ಸಾಮಾನ್ಯವಾಗಿ 2 ರಿಂದ 3 ಗಂಟೆಗೊಮ್ಮೆ 200 ಮಿಲೀ ಆಸುಪಾಸು, ಮುಂಚೆ ಒಂದ್ಸಲ ಆಮೇಲೆ ಒಂದ್ಸಲ ನೀರು ಬಿಟ್ಟು ಪೈಪ್ ತೊಳೀಬೇಕು. ಸೋಸಿದ ರಾಗಿ ಗಂಜಿ, ಹಾಲು, ಬೇಳೆ ಕಟ್ಟು, ಬೇಯಿಸಿ ಅರೆದ ಮೊಟ್ಟೆ, ಮಜ್ಜಿಗೆ, ಸ್ವಲ್ಪ ಎಣ್ಣೆ ಇಲ್ಲ ತುಪ್ಪ ಸೇರಿಸಿ, ಬರೀ ಗಂಜಿ ನೀರಲ್ಲಿ ತೂಕ ನಿಲ್ಲಲ್ಲ. ವಾರಕ್ಕೊಂದ್ಸಲ ತೂಕ ನೋಡಿ ಬರೆದಿಡಿ. ಪುಡಿ ಮಾಡ್ಬಾರದ ಮಾತ್ರೆಗಳಿವೆ, ಒಂದೊಂದನ್ನೂ ಕೇಳಿ. ಅಡುಗೆ ಏನು ಅಂತ ಅವರನ್ನ ಕೇಳಿ, ರುಚಿ ನೋಡೋಕೆ ಆಗ್ದಿದ್ರೂ ತನ್ನ ಹೊಟ್ಟೆಗೆ ಏನು ಹೋಗ್ತಿದೆ ಅಂತ ಗೊತ್ತಿರ್ಬೇಕು ಅವರಿಗೆ.

ಕರೆಂಟು ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಆರು ವಾರ, ಒಟ್ಟು 30 ಸಲ ಅಥವಾ ಸ್ವಲ್ಪ ಹೆಚ್ಚು. ಮೊದಲ ವಾರ ಏನೂ ಅನ್ಸಲ್ಲ, ಎರಡು ಮೂರನೇ ವಾರದಿಂದ ಬಾಯೆಲ್ಲ ಹುಣ್ಣು, ಲೋಳೆ, ಕತ್ತಿನ ಚರ್ಮ ಕಪ್ಪಗಾಗೋದು ಶುರು, ಮುಗಿದ ಮೇಲೂ ಒಂದೆರಡು ವಾರ ಜಾಸ್ತಿನೇ ಇರುತ್ತೆ, ಆಮೇಲೆ ಇಳಿಯುತ್ತೆ. ಇದು ಮೊದಲೇ ಗೊತ್ತಿಲ್ದೆ ಮಧ್ಯದಲ್ಲಿ ಬಿಟ್ಟು ಊರಿಗೆ ಹೋಗೋರು ಇದಾರೆ, ದಯವಿಟ್ಟು ಬಿಡ್ಬೇಡಿ, ಮಧ್ಯೆ ನಿಲ್ಲಿಸಿದ್ರೆ ಅದರ ಪರಿಣಾಮ ಕಮ್ಮಿಯಾಗುತ್ತೆ. ಒಂದು ಲೋಟ ಬೆಚ್ಚಗಿನ ನೀರಿಗೆ ಕಾಲು ಚಮಚ ಉಪ್ಪು, ಕಾಲು ಚಮಚ ಅಡುಗೆ ಸೋಡಾ ಹಾಕಿ ಎರಡು ಗಂಟೆಗೊಮ್ಮೆ ಬಾಯಿ ಮುಕ್ಕಳಿಸಿ ಉಗೀಲಿ, ಅಂಗಡೀಲಿ ಸಿಗೋ ಖಾರದ ಮೌತ್‌ವಾಶ್ ಬೇಡ. ಬಿಳಿ ಬಿಳಿ ಮಚ್ಚೆ ಬಂದ್ರೆ ಫಂಗಸ್ ಇರ್ಬೋದು, ತೋರ್ಸಿ. ಡಾಕ್ಟರ್ ಒಪ್ಪಿದ ದಿನದಿಂದಲೇ ಬಾಯಿ ತೆರೆಯೋ ವ್ಯಾಯಾಮ ಶುರು ಮಾಡಿ, ಐಸ್‌ಕ್ರೀಂ ಕಡ್ಡಿ ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ಮಧ್ಯೆ ಇಟ್ಟು, ದಿನ ಕಳೆದ ಹಾಗೆ ಕಡ್ಡಿ ಹೆಚ್ಚಿಸ್ತಾ ಹೋಗೋದು. ಇದು ಬಿಟ್ರೆ ದವಡೆ ಬಿಗಿದು ಬೆರಳೂ ಹೋಗಲ್ಲ.

ಗುಟ್ಕಾ 2013ರಿಂದ ನಮ್ಮ ರಾಜ್ಯದಲ್ಲಿ ನಿಷೇಧ, ಆದ್ರೂ ಪಾನ್ ಮಸಾಲಾ ಮತ್ತು ತಂಬಾಕು ಬೇರೆ ಬೇರೆ ಚೀಟೀಲಿ ಸಿಗುತ್ತೆ. ತಂಬಾಕಿಲ್ಲದ ಬರೀ ಅಡಿಕೆನೂ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ, ಅಡಿಕೆ ಬೆಳೆಯೋ ಮನೆಗಳಲ್ಲಿ ಇದನ್ನ ಹೇಳೋದು ಕಷ್ಟ ಅಂತ ನನಗೆ ಗೊತ್ತು, ಆದ್ರೂ ಆ ಮನೇಲಿ ಎಲೆ ಅಡಿಕೆ ತಟ್ಟೆ ಅವರ ಕಣ್ಣಿಗೆ ಬೀಳಬಾರ್ದು. ಬಿಡೋಕೆ ಕಷ್ಟ ಆದ್ರೆ 1800112356ಕ್ಕೆ ಫೋನ್ ಮಾಡಿ, ಕಾಸು ಹೋಗಲ್ಲ, ಕನ್ನಡದಲ್ಲೂ ಮಾತಾಡ್ತಾರೆ. ಆದ್ರೆ "ನೀನೇ ತಂದ್ಕೊಂಡೆ" ಅನ್ನೋ ಮಾತನ್ನ ಅಣ್ಣ ತಮ್ಮಂದಿರು ಹೇಳಿದ್ರೂ ಅಲ್ಲೇ ತಡೀರಿ, ಅದರಿಂದ ಯಾವ ಗಾಯನೂ ಮಾಯಲ್ಲ.

ನಿಮ್ಮ ನಿದ್ದೆ ವಿಷಯ. ರಾತ್ರಿ ಪಾಳಿ ಹಂಚ್ಕೊಳ್ಳಿ, ವಾರಕ್ಕೆ ಎರಡು ರಾತ್ರಿಯಾದ್ರೂ ಬೇರೆಯವರು ಅವರ ಹತ್ರ ಮಲಗ್ಲಿ. ಸಹಾಯ ಬೇಕಾ ಅಂತ ಕೇಳೋರಿಗೆ ಪರವಾಗಿಲ್ಲ ಅನ್ನೋ ಬದಲು ಒಂದು ಕೆಲಸ ಹೇಳಿ, ಸರ್ಜಿಕಲ್ ಅಂಗಡಿಗೆ ಹೋಗೋದೋ ಮಕ್ಕಳನ್ನ ಸ್ಕೂಲಿಂದ ಕರ್ಕೊಂಡ್ ಬರೋದೋ. ಎದೆ ಭಾರ ಆಗಿ ಯಾರ ಹತ್ರನೂ ಹೇಳೋಕೆ ಆಗ್ದಿದ್ರೆ ಟೆಲಿ ಮಾನಸ್ 14416 ಇದೆ, ರಾತ್ರಿ ಹೊತ್ತಲ್ಲೂ ಎತ್ತುತ್ತಾರೆ. ಅವರಿಗೂ ಕೊಡಿ ಆ ನಂಬರ್, ಮಾತು ಬಂದ ಮೇಲೆ ಅವರೇ ಮಾತಾಡ್ಲಿ.

ಟ್ಯೂಬ್ ತೆಗೆಯೋ ಮುಂಚೆ ಸ್ವಲ್ಪ ಹೊತ್ತು ಮುಚ್ಚಿ ನೋಡ್ತಾರೆ, ತಡ್ಕೊಂಡ್ರೆ ತೆಗೆದು ಗಾಜ್ ಹಾಕಿ ಪ್ಲಾಸ್ಟರ್ ಮಾಡ್ತಾರೆ, ತೂತು ಸಾಮಾನ್ಯವಾಗಿ ದಿನಗಳಲ್ಲೇ ಕೂಡ್ಕೊಳ್ಳುತ್ತೆ. ಅಲ್ಲೀವರೆಗೂ ಕೆಮ್ಮುವಾಗ, ಮಾತಾಡುವಾಗ ಪ್ಲಾಸ್ಟರ್ ಮೇಲೆ ಬೆರಳು ಒತ್ಕೋಬೇಕು. ಆಮೇಲೆ ಮೊದಲ ಎರಡು ವರ್ಷ ಚೆಕಪ್ ತಪ್ಪಿಸ್ಬೇಡಿ, ಕಾಯಿಲೆ ವಾಪಸ್ ಬಂದ್ರೆ ಹೆಚ್ಚಾಗಿ ಆ ಅವಧೀಲೇ ಬರುತ್ತೆ. ಬಾಯಲ್ಲಿ ಮಾಯದ ಹುಣ್ಣು, ಕತ್ತಲ್ಲಿ ಹೊಸ ಗಂಟು, ಕಿವಿ ಕಡೆ ನೋವು ಕಂಡ್ರೆ ಕೊಟ್ಟ ತಾರೀಕಿಗೆ ಕಾಯದೆ ಹೋಗಿ. ಕತ್ತಿಗೆ ಕರೆಂಟ್ ಆಗಿರೋರಿಗೆ ಥೈರಾಯ್ಡ್ ನಿಧಾನಕ್ಕೆ ಕಮ್ಮಿಯಾಗೋದುಂಟು, 6 ರಿಂದ 12 ತಿಂಗಳಿಗೊಮ್ಮೆ ಟಿಎಸ್ಎಚ್ ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರ್ ಹೇಳೋಕೆ ಮರೆತ್ರೆ ನೀವೇ ನೆನಪು ಮಾಡಿ.